ಬೆಂಕಿಯ ಮುಂದಿನ ಕಟ್ಟೆ

ಬ್ರಿಟನ್ನಿನ ಊರುಗಳಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತ ಕೆಂಪು ಇಟ್ಟಿಗೆಯ ವಿಕ್ಟೋರಿಯನ್ ಮನೆಗಳನ್ನು ಕೊಂಡವರಿಗೆ (ನಮ್ಮ ಕಡೆಯಿಂದ ಹೋಗಿ ನೆಲೆಸಿದವರೂ ಇದಕ್ಕೆ ಹೊರತಲ್ಲ) ಒಂದಲ್ಲ ಒಂದು ದಿನ ಮುಂಗೋಣೆಯ ಗೋಡೆಯ ಮೇಲೆ ಅನುಮಾನ ಹುಟ್ಟುತ್ತದೆ. ತಟ್ಟಿದರೆ ಟೊಳ್ಳು ಸದ್ದು. ಹಲಗೆ ತೆಗೆದರೆ ಮಸಿ, ಹಕ್ಕಿಗೂಡಿನ ಕಡ್ಡಿ, ತುಕ್ಕು ಹಿಡಿದ ಎರಕದ ಕಬ್ಬಿಣದ ಅಗ್ಗಿಷ್ಟಿಕೆ. ಅದರ ಮುಂದೆ, ಕಾರ್ಪೆಟ್ಟಿನ ಅಡಿಯಲ್ಲಿ, ಕಾಲಿಟ್ಟರೆ ಲಟಕ್ಕೆನ್ನುವ ಟೈಲ್ಸಿನ ಕಟ್ಟೆ.

ಅಗ್ಗಿಷ್ಟಿಕೆ ಹೀಗೆ ಮರೆಯಾದದ್ದು ಹೊಗೆಯಿಂದಾಗಿ. 1952ರ ಡಿಸೆಂಬರಿನಲ್ಲಿ ಲಂಡನ್ನನ್ನು ಕವಿದ ಹೊಗೆಮಂಜು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. 1956ರಲ್ಲಿ ಶುದ್ಧ ಗಾಳಿಯ ಕಾಯ್ದೆ ಬಂತು, ಹಿಂದೆಯೇ ಗ್ಯಾಸ್ ಹೀಟರುಗಳು ಬಂದವು. ಅಗ್ಗಿಷ್ಟಿಕೆಗಳ ಬಾಯಿಗೆ ಹಲಗೆ ಬಿತ್ತು. ಹಾಗೆ ಮುಚ್ಚಿಟ್ಟದ್ದರಿಂದಲೇ ಎಷ್ಟೋ ಕಡೆ ಹಳೆಯ ಟೈಲ್ಸ್ ಉಳಿದಿವೆ ಅನ್ನಿ. ಆದರೆ ಆ ಕಾಲದ ಹಲಗೆಯಲ್ಲಿ ಕಲ್ನಾರು ಇರಬಹುದು. ಬ್ರಿಟನ್ ಅದನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ಪರೀಕ್ಷೆ ಮಾಡಿಸದೆ ಹಲಗೆಯನ್ನು ಮುರಿಯುವುದು, ಕೊರೆಯುವುದು ಬೇಡ.

ಅಂಗಡಿಗೆ ಹೋಗಿ ಬಣ್ಣ ಆರಿಸುವ ಮುನ್ನ ತೀರ್ಮಾನವಾಗಬೇಕಾದದ್ದು ಒಂದೇ: ಇಲ್ಲಿ ನಿಜವಾಗಿ ಬೆಂಕಿ ಉರಿಯುತ್ತದೆಯೋ, ಹೂಕುಂಡ ಕೂರುತ್ತದೆಯೋ? ಹೂಕುಂಡವಾದರೆ ಇಷ್ಟಬಂದದ್ದು ಹಾಸಬಹುದು. ಬೆಂಕಿಯಾದರೆ ಲೆಕ್ಕವೇ ಬೇರೆ. ಇಂಗ್ಲೆಂಡಿನ ಕಟ್ಟಡ ನಿಯಮಗಳ ಮಾರ್ಗಸೂಚಿಯಂತೆ, ಟೈಲ್ಸಿನ ಕೆಳಗಿನ ಉರಿಯದ ಅಡಿಗಟ್ಟು ಕನಿಷ್ಠ 125 ಮಿ.ಮೀ. ದಪ್ಪವಿರಬೇಕು, ಅಗ್ಗಿಷ್ಟಿಕೆಯ ಬಾಯಿಂದ ಮುಂದಕ್ಕೆ 500, ಎರಡೂ ಪಕ್ಕಕ್ಕೆ 150 ಮಿ.ಮೀ. ಚಾಚಿರಬೇಕು. ಚಿಮಣಿ ಗುಡಿಸುವವರನ್ನು ಕರೆಸಿ ಹೊಗೆ ಪರೀಕ್ಷೆ ಮಾಡಿಸುವುದೂ ಈಗಲೇ. ಹೊಸ ಟೈಲ್ಸಿನ ಮೇಲೆ ಮಸಿ ಸುರಿಸಿಕೊಂಡು ಆಮೇಲೆ ಪರಿತಪಿಸುವುದೇಕೆ?

ಬಿಲ್ಲೆಗಳನ್ನು ಎಬ್ಬಿಸುವ ಮೊದಲು ಫೋಟೊ ತೆಗೆದು, ಪ್ರತಿಯೊಂದರ ಮೇಲೂ ಸೀಮೆಸುಣ್ಣದಲ್ಲಿ ನಂಬರು ಬರೆಯಿರಿ. ಸುಣ್ಣದ ಗಾರೆಯಲ್ಲಿ ಕೂರಿಸಿದ್ದು ಸಂದಿಗೆ ತೆಳು ಉಳಿ ಕೊಟ್ಟು ತಟ್ಟಿದರೆ ಸಾಕು, ತಾನಾಗಿ ಬಿಟ್ಟುಕೊಡುತ್ತದೆ. ನಡುವೆ ಯಾರೋ ಸಿಮೆಂಟಿನಲ್ಲಿ ರಿಪೇರಿ ಮಾಡಿದ್ದರೆ ಹಟ ಬೇಡ. ಬಿಲ್ಲೆ ಒಡೆದೀತೇ ಹೊರತು ಸಿಮೆಂಟು ಬಿಡದು. ಗಟ್ಟಿಯಾಗಿ ಕೂತಿರುವುದನ್ನು ಹಾಗೇ ಬಿಡುವುದೇ ಜಾಣತನ.

ಎಬ್ಬಿಸಿದ ಬಿಲ್ಲೆಯ ಬೆನ್ನು ತೊಳೆದು ನೋಡಿ. ಗಾರೆ ಕಚ್ಚಲೆಂದು ಒತ್ತಿದ ಗೀರುಗಳ ನಡುವೆ ಕೆಲವೊಮ್ಮೆ ತಯಾರಕರ ಹೆಸರು ಉಬ್ಬಿರುತ್ತದೆ: ಮಿಂಟನ್, ಮಾ ಅಂಡ್ ಕೋ, ಕ್ರೇವನ್ ಡನಿಲ್. ಒಣ ಜೇಡಿಯ ಪುಡಿಯನ್ನು ಅಚ್ಚಿನಲ್ಲಿ ಒತ್ತುವ ವಿಧಾನಕ್ಕೆ ರಿಚರ್ಡ್ ಪ್ರಾಸರ್ ಪೇಟೆಂಟ್ ಪಡೆದದ್ದು 1840ರಲ್ಲಿ. ಅದನ್ನು ಮಿಂಟನ್ ಕೈಗೆತ್ತಿಕೊಂಡ ಮೇಲೆ ಟೈಲ್ಸ್ ಅಗ್ಗವಾಗುತ್ತ, ಕಾಲಕ್ರಮೇಣ ಗುಮಾಸ್ತರ ಮನೆಯ ಅಗ್ಗಿಷ್ಟಿಕೆಗೂ ಇಳಿದು ಬಂದವು. ಶ್ರಾಪ್‌ಶೈರಿನ ಜ್ಯಾಕ್‌ಫೀಲ್ಡಿನಲ್ಲಿದ್ದ ಕ್ರೇವನ್ ಡನಿಲ್ ಕಾರ್ಖಾನೆ ಈಗ ಟೈಲ್ಸ್ ಮ್ಯೂಸಿಯಂ.

ಒಡೆದವುಗಳ ಜಾಗಕ್ಕೆ ಹಳೆ ಸಾಮಾನಿನ ಅಂಗಡಿಗಳಲ್ಲಿ ಆರು ಇಂಚು, ಮೂರು ಇಂಚಿನ ಅಳತೆಯವು ಸಿಗುತ್ತವೆ. ಹೊಸವನ್ನೇ ತಂದರೂ ಆದೀತು, ಆದರೆ ಅವು ಸಾಮಾನ್ಯವಾಗಿ ಹಳೆಯವಕ್ಕಿಂತ ತೆಳು; ಉಳಿದ ದಪ್ಪವನ್ನು ಕೆಳಗಿನ ಗಾರೆಯಲ್ಲೇ ತುಂಬಿಕೊಳ್ಳಬೇಕು. ಬಣ್ಣ ತುಸು ಬೇರೆಯಾದವನ್ನು ಮೂಲೆಗೆ ಸೇರಿಸಿ. ಮೆರುಗಿನಲ್ಲಿ ಕೂದಲೆಳೆಯ ಬಿರುಕಿದ್ದರೆ ಇರಲಿ. ನೂರು ವರ್ಷದ ಟೈಲ್ಸ್ ನಿನ್ನೆಯದರಂತೆ ಕಾಣಬೇಕೆಂಬ ಆಸೆ ನನಗಂತೂ ಅರ್ಥವಾಗದು.

ಅಡಿಗಟ್ಟಿನ ಧೂಳು ಗುಡಿಸಿ, ನೀರು ಚಿಮುಕಿಸಿ, ಗಾರೆ ಹಾಕಿ ರಸಮಟ್ಟ ಇಟ್ಟು ಸಮ ಮಾಡಿ. ಅದು ಒಣಗಿದ ಮೇಲೆ ನಡುಗೆರೆಯಿಂದ ಆರಂಭಿಸಿ, ಅಂಟಿಲ್ಲದೆ ಒಮ್ಮೆ ಎಲ್ಲವನ್ನೂ ಜೋಡಿಸಿ ನೋಡಿ. ಬಕೆಟ್ಟಿನಲ್ಲಿ ಕಲಸಿಟ್ಟೇ ಮಾರುವ ಸಾಮಾನ್ಯ ಅಂಟು ಬಿಸಿಗೆ ನಿಲ್ಲುವುದಿಲ್ಲ. ಶಾಖ ತಡೆಯುವ, ತುಸು ಬಳುಕುವ ಸಿಮೆಂಟ್ ಅಂಟೇ ಆಗಬೇಕು. ಬಿಲ್ಲೆ ಕತ್ತರಿಸುವಾಗ ನೀರು ಹಾಕುತ್ತಿರಿ, ಆ ಧೂಳು ಶ್ವಾಸಕೋಶಕ್ಕೆ ಕೇಡು. ಸಂದಿ ಎರಡು ಮಿ.ಮೀ. ಸಾಕು, ಗ್ರೌಟ್ ಬೂದು ಬಣ್ಣದ್ದಿರಲಿ. ಬಿಳಿ ಹಾಕಿದರೆ ಬಚ್ಚಲುಮನೆಯ ಕಳೆ ಬರುತ್ತದೆ.

ಬೇರೆ ಕಡೆ ಟೈಲ್ಸ್ ಹಾಕಿ ಪಳಗಿದ ಕೈಯೂ ತಪ್ಪುವುದು ಕೊನೆಯ ಹಂತದಲ್ಲಿ. ಎಲ್ಲ ಸಂದಿಯನ್ನೂ ಬಿಗಿಯಾಗಿ ತುಂಬುವುದೇ ನೀಟು ಕೆಲಸ ಎಂಬ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಕಾದ ಕಬ್ಬಿಣ ಹಿಗ್ಗುತ್ತದೆ. ಚೌಕಟ್ಟಿಗೂ ಬಿಲ್ಲೆಗೂ ನಡುವೆ ಕೆಲವು ಮಿ.ಮೀ. ಬಿಟ್ಟು, ಆ ಸಂದಿಗೆ ಶಾಖ ತಡೆಯುವ ಹಗ್ಗ ತುರುಕಬೇಕು. ಒಲೆಯ ಹಿಂಬದಿಗೆ ಫೈರ್ ಕ್ಲೇ ಹಲಗೆ ಕೂರಿಸುವ ಹಳೆಯ ಕೆಲಸಗಾರರು ಅದರ ಬೆನ್ನಿಗೆ ಪ್ಯಾಕಿಂಗ್ ಡಬ್ಬದ ಅಲೆಅಲೆ ರಟ್ಟನ್ನು ಅಂಟಿಸಿ, ಆಮೇಲೆ ಹಿಂದೆ ಗಾರೆ ತುಂಬುತ್ತಾರೆ. ಬೆಂಕಿ ಹೊತ್ತಿದಾಗ ರಟ್ಟು ಸುಟ್ಟುಹೋಗುತ್ತದೆ. ಅದಿದ್ದ ಜಾಗ ಹಲಗೆ ಹಿಗ್ಗಲು ಉಳಿಯುತ್ತದೆ. ಸುಟ್ಟುಹೋಗಲೆಂದೇ ಇಡುವ ಇಂಥ ಸಾಮಾನು ಗಾರೆ ಕೆಲಸದಲ್ಲಿ ಇನ್ನೊಂದಿದೆಯೇ, ಕಾಣೆ.

ಗಾರೆಯ ತೇವ ಪೂರ್ತಿ ಆರುವವರೆಗೆ ಬೆಂಕಿ ಬೇಡ. ಅವಸರಪಟ್ಟರೆ ಒಳಗಿನ ನೀರು ಆವಿಯಾಗಿ ಬಿಲ್ಲೆಯನ್ನೇ ಎತ್ತಿಬಿಡುತ್ತದೆ. ಮೊದಲ ಕೆಲವು ಬೆಂಕಿಗಳು ಚಿಕ್ಕವಾಗಿರಲಿ, ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲಿ. ಉಳಿದ ಒಂದೆರಡು ಬಿಲ್ಲೆಗಳನ್ನು ಎಸೆಯದೆ ಅಟ್ಟಕ್ಕೆ ಹಾಕಿ. ಬೆಂಕಿ ಕೆದಕುವ ಸಲಾಕೆ ಕೈಜಾರಿದರೆ ಬೀಳುವುದು ನೇರ ಮುಂದಿನ ಸಾಲಿನ ಮೇಲೆ.