ಚಳಿಗಾಲದಲ್ಲಿ ಕೋಳಿಮರಿಗಳಿಗೆ ಕಾವು



ಹಿಂಗಾರಿ ಜೋಳ ಎದೆಯೆತ್ತರ ಬೆಳೆದು, ಕಡಲೆ ಹೂಬಿಟ್ಟು ನಿಂತ ದಿನಗಳಲ್ಲಿ ಉಮರಗಾ, ನಿಲಂಗಾ, ಉದಗೀರ ಕಡೆಯ ಮನೆಗಳಲ್ಲಿ ತಾಯಂದಿರಿಂದ ನಾವು ಮತ್ತೆ ಮತ್ತೆ ಕೇಳುವ ಮಾತೊಂದಿದೆ: "ಇಪ್ಪತ್ತೈದು ಮರಿ ತಂದಿದ್ವಿ ಫಾದರ್, ವಾರದಾಗ ಹತ್ತೂ ಉಳಿಲಿಲ್ಲ. ಏನೋ ರೋಗ ಬಂತು." ಕೆಲವರು ದೃಷ್ಟಿ ತಾಗಿತು ಎನ್ನುತ್ತಾರೆ, ಕೆಲವರು ಮರಿ ಮಾರಿದವನನ್ನು ಬೈಯುತ್ತಾರೆ. ರೋಗ ಬರುವುದುಂಟು. ಆದರೆ ಚಳಿಗಾಲದಲ್ಲಿ ಮೊದಲ ವಾರವೇ ಸಾಯುವ ಮರಿಗಳಲ್ಲಿ ಬಹಳಷ್ಟನ್ನು ಕೊಲ್ಲುವುದು ಬರಿಯ ಚಳಿ. ಇದನ್ನು ತಡೆಯುವುದು ನಮ್ಮ ಕೈಯಲ್ಲೇ ಇದೆ.

ಹಿತ್ತಲ ಕೋಳಿಯ ಹಣ ಮನೆಯ ಯಜಮಾನನ ಹಣವಲ್ಲ, ತಾಯಿಯ ಹಣ. ಮಕ್ಕಳ ನೋಟುಬುಕ್ಕು, ಎಣ್ಣೆ-ಉಪ್ಪು, ಊರಿಗೆ ಹೋಗುವ ಬಸ್ಸಿನ ಚಾರ್ಜು ಎಷ್ಟೋ ಸಲ ಇದರಿಂದಲೇ ನಡೆಯುತ್ತದೆ. ಬಾಣಂತಿಗೆ, ಬೆಳೆಯುವ ಮಗುವಿಗೆ ಒಂದು ಮೊಟ್ಟೆ ಸುಮಾರು 6 ಗ್ರಾಂ ಉತ್ತಮ ಪ್ರೋಟೀನು ಕೊಡುತ್ತದೆ. ಆದ್ದರಿಂದ ಈ ಸಲ ಈ ವಿಷಯವನ್ನೇ ವಿವರವಾಗಿ ಬರೆಯುತ್ತಿದ್ದೇವೆ.

ಮರಿಗೆ ಕಾವು ಏಕೆ ಬೇಕು?

ದೊಡ್ಡ ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಅದಕ್ಕೆ ದಟ್ಟವಾದ ಪುಕ್ಕಗಳ ಹೊದಿಕೆಯಿದೆ. ಆಗ ತಾನೇ ಹುಟ್ಟಿದ ಮರಿಗೆ ಇರುವುದು ನೂಲಿನಂಥ ತುಪ್ಪಳ ಮಾತ್ರ. ತನ್ನ ಮೈಬಿಸಿಯನ್ನು ತಾನೇ ಕಾಪಾಡಿಕೊಳ್ಳಲು ಮೂರು-ನಾಲ್ಕು ವಾರ ಹಿಡಿಯುತ್ತದೆ. ಮೊಟ್ಟೆಯ ಹಳದಿಯ ಉಳಿದ ಭಾಗ ಹೊಟ್ಟೆಯಲ್ಲಿರುವುದರಿಂದ ಮೊದಲ ಎರಡು-ಮೂರು ದಿನ ಅದು ಹೇಗೋ ಬದುಕುತ್ತದೆ. ಚಳಿ ಹತ್ತಿದರೆ ಆ ಹಳದಿ ಸರಿಯಾಗಿ ಮೈಗೂಡುವುದಿಲ್ಲ. ಮರಿ ಕಾಳು ಮುಟ್ಟುವುದಿಲ್ಲ, ಹಿಂಬದಿಗೆ ಹಿಕ್ಕೆ ಅಂಟುತ್ತದೆ, ಒಂದರ ಮೇಲೊಂದು ಬಿದ್ದು ಕೆಳಗಿನವು ಉಸಿರುಗಟ್ಟಿ ಸಾಯುತ್ತವೆ. ನಾವು ರೋಗ ಎನ್ನುವುದು ಇದನ್ನೇ.

ತಾಯಿಕೋಳಿ ಇದ್ದಲ್ಲಿ ಈ ಚಿಂತೆ ಕಡಿಮೆ. ಜೆರುಸಲೇಮಿನ ಮಕ್ಕಳ ಮೇಲಿನ ತಮ್ಮ ಪ್ರೀತಿಯನ್ನು ಹೇಳುವಾಗ ಯೇಸುಸ್ವಾಮಿ ಮರಿಗಳನ್ನು ರೆಕ್ಕೆಯಡಿ ಕೂಡಿಸಿಕೊಳ್ಳುವ ತಾಯಿಕೋಳಿಯ ಹೋಲಿಕೆಯನ್ನೇ ಕೊಟ್ಟರೆಂದು ಸಂತ ಮತ್ತಾಯರ ಮತ್ತು ಸಂತ ಲೂಕರ ಶುಭಸಂದೇಶಗಳಲ್ಲಿ ಓದುತ್ತೇವೆ. ಆದರೆ ಇಂದು ನಮ್ಮ ಮನೆಗಳಿಗೆ ಬರುವ ಗಿರಿರಾಜ, ವನರಾಜ, ಗ್ರಾಮಪ್ರಿಯ ಮರಿಗಳು ಯಂತ್ರದಲ್ಲಿ ಒಡೆದವು. ತಾಯಿಯ ರೆಕ್ಕೆಯನ್ನು ಅವು ಕಂಡೇ ಇಲ್ಲ. ಆ ರೆಕ್ಕೆಯ ಕೆಲಸ ನಾವು ಮಾಡಬೇಕು.

ನಮ್ಮ ಭಾಗದಲ್ಲಿ ಇನ್ನೊಂದು ಕಾರಣವೂ ಉಂಟು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ, ಸಾಸ್ತೂರು ಸುತ್ತಿನ ಊರುಗಳನ್ನು ಭೂಕಂಪ ಕೆಡವಿತು. ದಪ್ಪ ಕಲ್ಲುಗೋಡೆ, ಭಾರವಾದ ಮಣ್ಣಿನ ಮಾಳಿಗೆಗಳಡಿ ಸಾವಿರಾರು ಜನ ಸತ್ತರು. ಆಮೇಲೆ ಹಗುರವಾದ ಮನೆಗಳು, ಪತ್ರಾಸಿನ ಶೆಡ್ಡುಗಳು ಎದ್ದವು. ಮನುಷ್ಯರಿಗೆ ಅದೇ ಕ್ಷೇಮ. ಆದರೆ ಹಳೆಯ ಗೋಡೆ ಹಗಲಿನ ಬಿಸಿಲನ್ನು ಹಿಡಿದಿಟ್ಟು ರಾತ್ರಿ ಬಿಡುತ್ತಿತ್ತು. ಪತ್ರಾಸು ಹೊತ್ತು ಮುಳುಗಿದೊಡನೆ ತಣ್ಣಗಾಗುತ್ತದೆ, ನಸುಕಿನಲ್ಲಿ ಒಳಗೆ ಹನಿಯೂ ಬೀಳುತ್ತದೆ. ಅಜ್ಜಿಯ ಕಾಲದಲ್ಲಿ ಮೂಲೆಯ ಬುಟ್ಟಿಯಲ್ಲಿ ಬದುಕುತ್ತಿದ್ದ ಮರಿ ಇಂದಿನ ಶೆಡ್ಡಿನಲ್ಲಿ ಬದುಕಲಾರದು.

ಸ್ಥಳದ ಸಿದ್ಧತೆ

ಮರಿ ತರುವ ಹಿಂದಿನ ದಿನವೇ ಎಲ್ಲ ಸಿದ್ಧವಿರಲಿ. 25 ಮರಿಗಳಿಗೆ ಒಂದೂವರೆ ಅಡಿ ಎತ್ತರದ ರಟ್ಟು ಅಥವಾ ತಗಡನ್ನು ಮೂರು ಅಡಿ ಅಗಲದ ದುಂಡು ಬೇಲಿಯಾಗಿ ನಿಲ್ಲಿಸಿರಿ. ದುಂಡಗಿದ್ದರೆ ಮರಿಗಳು ಮೂಲೆಯಲ್ಲಿ ಒತ್ತಾಗುವುದಿಲ್ಲ. ನೆಲದ ಮೇಲೆ ಎರಡು-ಮೂರು ಇಂಚು ಒಣ ಶೇಂಗಾ ಹೊಟ್ಟು, ಭತ್ತದ ಹೊಟ್ಟು ಅಥವಾ ಕಟ್ಟಿಗೆಪುಡಿ ಹರಡಿ, ಮೊದಲ ಮೂರು ದಿನ ಅದರ ಮೇಲೆ ಹಳೆಯ ಪೇಪರು ಹಾಸಿರಿ. ಇಲ್ಲವಾದರೆ ಮರಿಗಳು ಹೊಟ್ಟನ್ನೇ ತಿನ್ನುತ್ತವೆ. ದಿನ ಕಳೆದಂತೆ ಬೇಲಿಯನ್ನು ಅಗಲ ಮಾಡುತ್ತ ಹೋಗಿರಿ.

ಮೂಡಗಾಳಿ ಬಡಿಯುವ ಕಡೆ ಗೋಣಿತಟ್ಟು ಕಟ್ಟಿರಿ. ಆದರೆ ಎಲ್ಲ ಕಡೆ ಪ್ಲಾಸ್ಟಿಕ್ ಬಿಗಿದು ಗಾಳಿಯೇ ಆಡದಂತೆ ಮಾಡಬೇಡಿರಿ. ಮೇಲ್ಗಡೆ ಒಂದು ಗೇಣು ತೆರವಿರಲಿ. ಒಳಗೆ ಹೋದಾಗ ನಮ್ಮ ಕಣ್ಣು ಉರಿದರೆ ಹಿಕ್ಕೆಯ ಘಾಟು ಹೆಚ್ಚಾಗಿದೆ, ಹಾಸು ಒದ್ದೆಯಾಗಿದೆ ಎಂದು ತಿಳಿಯಬೇಕು. ಒದ್ದೆಯನ್ನು ತೆಗೆದು ಒಣ ಹೊಟ್ಟು ಹಾಕಿರಿ.

ಎಷ್ಟು ಕಾವು?

ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ 35 ಡಿಗ್ರಿ ಸೆಲ್ಸಿಯಸ್, ಎರಡನೆಯ ವಾರ 32, ಮೂರನೆಯ ವಾರ 29, ನಾಲ್ಕನೆಯ ವಾರ 27 ಡಿಗ್ರಿ ಇರಬೇಕು. ಮರಿಯೊಂದಕ್ಕೆ ಸುಮಾರು 2 ವ್ಯಾಟಿನಂತೆ 25-30 ಮರಿಗಳಿಗೆ ಒಂದು 60 ವ್ಯಾಟಿನ ಬಲ್ಬು ಬೇಕು. ಅದು ತಂತಿ ಕಾಯ್ದು ಹಳದಿ ಬೆಳಕು ಕೊಡುವ ಹಳೆಯ ಮಾದರಿಯ ಬಲ್ಬೇ ಆಗಿರಲಿ. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಕಾವು ಕೊಡುವುದಿಲ್ಲ. ಬಲ್ಬಿನ ಮೇಲೆ ತಗಡಿನ ಬುಟ್ಟಿ ಕವುಚಿ, ನೆಲದಿಂದ ಒಂದು-ಒಂದೂವರೆ ಅಡಿ ಎತ್ತರದಲ್ಲಿ ಗಟ್ಟಿಯಾದ ತಂತಿಯಿಂದ ತೂಗುಹಾಕಿರಿ. ಕರೆಂಟಿನ ವೈರಿನಿಂದಲೇ ತೂಗಬಿಟ್ಟರೆ ಅದು ಜಾರಿ ಹೊಟ್ಟಿಗೆ ತಾಗಿ ಬೆಂಕಿ ಹತ್ತೀತು.

ಥರ್ಮಾಮೀಟರು ಇಲ್ಲದಿದ್ದರೂ ಚಿಂತೆಯಿಲ್ಲ, ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಮುದ್ದೆಯಾಗಿ ಕೂಡಿ ಚಿಂವ್‌ಗುಟ್ಟಿದರೆ ಚಳಿಯಾಗಿದೆ, ಬಲ್ಬನ್ನು ಇಳಿಸಿರಿ. ದೂರ ಸರಿದು ಬಾಯಿ ತೆರೆದು ತೇಗುತ್ತಿದ್ದರೆ ಸೆಕೆಯಾಗಿದೆ, ಏರಿಸಿರಿ. ಎಲ್ಲವೂ ಒಂದೇ ಬದಿಗೆ ಸರಿದಿದ್ದರೆ ಎದುರು ಬದಿಯಿಂದ ಗಾಳಿ ನುಗ್ಗುತ್ತಿದೆ. ಸುತ್ತಲೂ ಹರಡಿ ತಿನ್ನುತ್ತ, ಮಲಗುತ್ತ ಇದ್ದರೆ ಎಲ್ಲ ಸರಿಯಾಗಿದೆ. ಮಲಗುವ ಮುಂಚೆ ಒಮ್ಮೆ, ನಸುಕಿನ ನಾಲ್ಕಕ್ಕೆ ಒಮ್ಮೆ ನೋಡಿರಿ. ನಸುಕೇ ಅಪಾಯದ ಹೊತ್ತು.

ಕರೆಂಟು ಹೋದಾಗ

ಇಟ್ಟಿಗೆಯನ್ನು ಒಲೆಯಲ್ಲಿ ಕಾಯಿಸಿ, ಗೋಣಿಯಲ್ಲಿ ದಪ್ಪಗೆ ಸುತ್ತಿ ಬೇಲಿಯೊಳಗೆ ಇಡಬಹುದು. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಇಡಬಹುದು. ಮೂರು-ನಾಲ್ಕು ಗಂಟೆಗೊಮ್ಮೆ ಬದಲಿಸಬೇಕು. ಒಂದು ಬುಟ್ಟಿಯೊಳಗೆ ಇನ್ನೊಂದು ಸಣ್ಣ ಬುಟ್ಟಿಯಿಟ್ಟು ನಡುವೆ ಒಣ ಹೊಟ್ಟು ತುಂಬಿ, ಮೇಲೆ ಗಾಳಿಯಾಡುವ ತೆಳು ಬಟ್ಟೆ ಹೊದಿಸಿದರೆ ಮರಿಗಳ ಮೈಬಿಸಿಯೇ ಒಳಗೆ ಉಳಿದು ಕೆಲವು ಗಂಟೆ ಕಾಪಾಡುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇವೆ. ಮರಿಗಳಿಗೆಂದು ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿ, ಬಾಗಿಲು ಮುಚ್ಚಿದ ಕೋಣೆಯಲ್ಲಿಟ್ಟು, ಮನೆಮಂದಿ ಅಲ್ಲಿಯೇ ಮಲಗಬೇಡಿರಿ. ಕೆಂಡದಿಂದ ಕಾರ್ಬನ್ ಮೋನಾಕ್ಸೈಡ್ ಎಂಬ ವಿಷಗಾಳಿ ಬರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆನೋವು, ವಾಂತಿ ಎನ್ನುವಷ್ಟರಲ್ಲಿ ಮಂಪರು ಕವಿಯುತ್ತದೆ, ಮಲಗಿದವರು ಏಳುವುದಿಲ್ಲ. ಮರಿ ಹೋದರೆ ಮತ್ತೆ ತರಬಹುದು, ಮಗು ಹೋದರೆ ತರಲಾಗದು.

ತಾಯಿಕೋಳಿಯ ಸಹಾಯ

ಮನೆಯಲ್ಲಿ ಕಾವಿಗೆ ಕೂತ ಹೇಂಟೆಯಿದ್ದರೆ ಅದಕ್ಕಿಂತ ಒಳ್ಳೆಯ ಬಲ್ಬಿಲ್ಲ. ಬೇಸಿಗೆಯಲ್ಲಿ 12 ಮೊಟ್ಟೆ ಇಡುವಲ್ಲಿ ಚಳಿಗಾಲದಲ್ಲಿ 8-10 ಸಾಕು. 21 ದಿನಕ್ಕೆ ಮರಿ ಹೊರಬರುತ್ತವೆ. ಕೊಂಡು ತಂದ ಒಂದೆರಡು ದಿನದ ಮರಿಗಳನ್ನೂ ಕತ್ತಲಾದ ಮೇಲೆ ಕಾವಿಗೆ ಕೂತ ಹೇಂಟೆಯ ರೆಕ್ಕೆಯಡಿ ಮೆಲ್ಲಗೆ ಸೇರಿಸಿದರೆ ಎಷ್ಟೋ ಹೇಂಟೆಗಳು ತಮ್ಮವೆಂದೇ ಒಪ್ಪುತ್ತವೆ. ಬೆಳಗಾಗುತ್ತಲೇ ನೋಡಿರಿ, ಕುಕ್ಕುತ್ತಿದ್ದರೆ ತೆಗೆದುಬಿಡಿರಿ. ಹತ್ತಕ್ಕಿಂತ ಹೆಚ್ಚು ಮರಿಗಳನ್ನು ಅದಕ್ಕೆ ಹೊರಿಸಬೇಡಿರಿ.

ನೀರು, ಕಾಳು, ಲಸಿಕೆ

ಮರಿ ಬಂದೊಡನೆ ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಬೆಲ್ಲ ಬೆರೆಸಿ ಕುಡಿಸಿರಿ. ಕೊಕ್ಕನ್ನು ಒಮ್ಮೆ ನೀರಿಗೆ ಅದ್ದಿದರೆ ಕಲಿತುಕೊಳ್ಳುತ್ತವೆ. ನೀರಿನ ತಟ್ಟೆ ಆಳವಿಲ್ಲದಿರಲಿ, ಅದರಲ್ಲಿ ನಾಲ್ಕು ಗುಂಡುಕಲ್ಲು ಹಾಕಿರಿ. ಒದ್ದೆಯಾದ ಮರಿ ಚಳಿಗೆ ಬೇಗ ಸಾಯುತ್ತದೆ. ಮೊದಲ ದಿನ ಗೋವಿನಜೋಳದ ಅಥವಾ ಜೋಳದ ಸಣ್ಣ ನುಚ್ಚು, ಆಮೇಲೆ ಮರಿಗಳ ಸ್ಟಾರ್ಟರ್ ಆಹಾರ ಕೊಡಿರಿ. ಸೋಯಾಬೀನ್ ನಮ್ಮಲ್ಲಿ ಧಾರಾಳ. ಆದರೆ ಹಸಿ ಸೋಯಾಬೀನನ್ನು ಹಾಕಬಾರದು, ಅದರಲ್ಲಿರುವ ಒಂದು ಅಂಶ ಜೀರ್ಣಶಕ್ತಿಯನ್ನು ಕೆಡಿಸುತ್ತದೆ. ಹುರಿದು ಪುಡಿ ಮಾಡಿದ್ದನ್ನು ಬೆರೆಸಬಹುದು. ಬೂಷ್ಟು ಹಿಡಿದ ಶೇಂಗಾ ಹಿಂಡಿ ವಿಷಕ್ಕೆ ಸಮಾನ.

ರಾಣಿಖೇತ್ ರೋಗಕ್ಕೆ (ಕೊಕ್ಕರೆ ರೋಗ) 5-7ನೆಯ ದಿನ ಕಣ್ಣು ಅಥವಾ ಮೂಗಿಗೆ ಲಸಿಕೆಯ ಹನಿ, 14ನೆಯ ದಿನ ಗಂಬೋರೊ ಲಸಿಕೆ, 28ನೆಯ ದಿನ ರಾಣಿಖೇತ್ ಹನಿ ಮತ್ತೊಮ್ಮೆ, ಎಂಟನೆಯ ವಾರ ಚುಚ್ಚುಮದ್ದು ಹಾಕಿಸಬೇಕು. ಲಸಿಕೆಯ ಸೀಸೆ ನೂರು ಅಥವಾ ಹೆಚ್ಚು ಮರಿಗಳಿಗೆ ಆಗುವಷ್ಟಿರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಆದ್ದರಿಂದ ನಾಲ್ಕೈದು ಮನೆಯವರು ಕೂಡಿ ಒಂದೇ ದಿನ ಮರಿ ತಂದು, ಒಂದೇ ದಿನ ಲಸಿಕೆ ಹಾಕಿಸಿದರೆ ಖರ್ಚು ಹಂಚಿಹೋಗುತ್ತದೆ. ದನದ ದವಾಖಾನೆಯಲ್ಲಿ ಮೊದಲೇ ಕೇಳಿಟ್ಟುಕೊಳ್ಳಿರಿ. ಹೆಚ್ಚಿನ ಸಲಹೆಗೆ 1987ರಲ್ಲಿ ಆರಂಭವಾದ ಉದಗೀರದ ಪಶುವೈದ್ಯಕೀಯ ಕಾಲೇಜು ನಮಗೆ ಹತ್ತಿರವೇ ಇದೆ.

ಮನೆಮಂದಿಯ ಆರೋಗ್ಯ

2025ರ ಜನವರಿಯಲ್ಲಿ ಉದಗೀರ ಪಟ್ಟಣದಲ್ಲಿ ಕಾಗೆಗಳು ಸತ್ತುಬಿದ್ದುದನ್ನೂ, ಅದು ಹಕ್ಕಿಜ್ವರವೆಂದು ಭೋಪಾಲದ ಪ್ರಯೋಗಾಲಯದಲ್ಲಿ ಖಚಿತವಾದುದನ್ನೂ ನಾವು ಮರೆಯಬಾರದು. ಒಮ್ಮೆಲೇ ಹಲವು ಕೋಳಿಗಳೋ ಕಾಗೆಗಳೋ ಸತ್ತರೆ ಬರಿಗೈಯಲ್ಲಿ ಮುಟ್ಟದೆ ದವಾಖಾನೆಗೆ ತಿಳಿಸಿರಿ. ಸತ್ತ ಕೋಳಿಯನ್ನು ಹಳ್ಳಕ್ಕೆ ಎಸೆಯಬೇಡಿರಿ, ಅಡಿಗೆಗೂ ಬಳಸಬೇಡಿರಿ. ಮಾಂಸ, ಮೊಟ್ಟೆ ಚೆನ್ನಾಗಿ ಬೆಂದಿರಲಿ. ಮಕ್ಕಳು ಮರಿಗಳನ್ನು ಮುದ್ದಿಸಿದ ಮೇಲೆ ಸಾಬೂನಿನಿಂದ ಕೈ ತೊಳೆಯಲೇಬೇಕು. ಅಡಿಗೆಮನೆಯಲ್ಲಿ ಮರಿ ಸಾಕುವ ರೂಢಿಯನ್ನು ಬಿಡೋಣ.

ಕ್ರಿಸ್ತಜಯಂತಿಯ ಹೊತ್ತಿಗೆ ಮರಿ ತರಬೇಕೆಂದಿರುವ ಕುಟುಂಬಗಳು ಮೊದಲು ಬೇಲಿ, ಬಲ್ಬು, ಒಣ ಹೊಟ್ಟು ಹೊಂದಿಸಿ, ಒಂದು ರಾತ್ರಿ ಬಲ್ಬು ಉರಿಸಿ ನೋಡಿ, ಆಮೇಲೆ ಸಂತೆಗೆ ಹೋಗಲಿ. ಅಷ್ಟು ಸಾಧ್ಯವಾಗದಿದ್ದರೆ ಫೆಬ್ರವರಿಯ ಬಿಸಿಲು ಏರುವವರೆಗೆ ಕಾಯುವುದೇ ಲೇಸು. ಸೃಷ್ಟಿಕರ್ತನು ನಮ್ಮ ಕೈಗೆ ಒಪ್ಪಿಸಿದ ಸಣ್ಣ ಜೀವವನ್ನು ಚಳಿಯಲ್ಲಿ ಬಿಟ್ಟು ಅದೃಷ್ಟವನ್ನು ದೂರುವುದು ಒಕ್ಕಲುತನವಲ್ಲ.