ಬಿಸಿ ಮಾಡದೆ ಉಣ್ಣುವ ವಿಜ್ಞಾನ

ಖಡಕ್ ರೊಟ್ಟಿಯನ್ನು ಮೈಕ್ರೋವೇವ್ ಒಲೆಯೊಳಗೆ ಇಟ್ಟರೆ ಏನಾಗುತ್ತದೆ? ಹೆಚ್ಚೇನೂ ಆಗುವುದಿಲ್ಲ. ಆ ಒಲೆ ಮುಖ್ಯವಾಗಿ ನೀರನ್ನು ಹುಡುಕುತ್ತದೆ, ರೊಟ್ಟಿಯಲ್ಲಿ ನೀರೇ ಅಪರೂಪ.

ಒಲೆಯೊಳಗಿನ ಅಲೆಗಳ ಆವರ್ತನ 2.45 ಗಿಗಾಹರ್ಟ್ಸ್, ಅಂದರೆ ವಿದ್ಯುತ್ ಕ್ಷೇತ್ರ ಸೆಕೆಂಡಿಗೆ 245 ಕೋಟಿ ಸಲ ಓಲಾಡುತ್ತದೆ. ನೀರಿನ ಅಣುಗಳು ಅದರ ಜೊತೆಗೆ ತಿರುಗಲು ಹೆಣಗಿ, ಅಕ್ಕಪಕ್ಕದ ಅಣುಗಳಿಗೆ ಡಿಕ್ಕಿ ಹೊಡೆದು ಶಾಖ ಹುಟ್ಟಿಸುತ್ತವೆ. ಈ ಯಂತ್ರವಿಲ್ಲದೆ ಬದುಕುವ ರಾಯಚೂರು, ದೇವದುರ್ಗ, ಮಾನ್ವಿಯ ಅಡುಗೆಮನೆಗಳು ಅದೇ ನೀರನ್ನು ಬೇರೆ ಬಗೆಯಲ್ಲಿ ಪಳಗಿಸಿವೆ.

ಜೋಳದ ಹಿಟ್ಟಿನಲ್ಲಿ ಗೋಧಿಯಂಥ ಅಂಟಿಲ್ಲ. ಕುದಿಯುವ ಎಸರು ಹಾಕಿ ನಾದಿದಾಗ ಪಿಷ್ಟ ನೀರು ಹೀರಿ ಉಬ್ಬುತ್ತದೆ, ಹಿಟ್ಟು ಬಡಿಯಲು ಒದಗುತ್ತದೆ. ಹಂಚಿನ ಮೇಲೆ ಬೆಂದ ರೊಟ್ಟಿಯನ್ನು ಇನ್ನಷ್ಟು ಒಣಗಿಸಿದರೆ ಖಡಕ್ ಆಗುತ್ತದೆ. ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯಲು ಬೇಕಾದಷ್ಟು ನೀರು ಅದರಲ್ಲಿ ಉಳಿಯದ ಕಾರಣ ಫ್ರಿಜ್ಜಿಲ್ಲದೆಯೂ ವಾರಗಟ್ಟಲೆ ಇರುತ್ತದೆ. ಶೇಂಗಾ ಹಿಂಡಿ, ಗುರೆಳ್ಳು ಪುಡಿ ಕೆಡದಿರುವುದಕ್ಕೂ ಇದೇ ಕಾರಣ. ಇವನ್ನು ಬಿಸಿ ಮಾಡುವ ಪ್ರಶ್ನೆಯೇ ಇಲ್ಲ.

ಅನ್ನದ ಮಾತು ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಮಾನ್ವಿ ಕಡೆ ಭತ್ತದ ಗದ್ದೆ ಹಬ್ಬಿತು, ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಹೊಲಗಳಿಗೂ ನೀರು ತಂದಿತು. ತಾಟಿನಲ್ಲಿ ಅನ್ನ ಹೆಚ್ಚಿದಂತೆ ಉಳಿದ ಅನ್ನದ ಚಿಂತೆಯೂ ಹೆಚ್ಚಿತು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿತಕ್ಕೂ ಸಾಯುವುದಿಲ್ಲ. ಅನ್ನ ಆರುವಾಗ ಮೊಳೆತು, 30ರಿಂದ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುಲುಸಾಗಿ ಬೆಳೆಯುತ್ತವೆ. ಬೇಸಿಗೆಯಲ್ಲಿ ಪಾದರಸ 40 ದಾಟುವ ಈ ಊರುಗಳಲ್ಲಿ ಅವಕ್ಕೆ ಸೆಕೆಯ ಕೊರತೆಯಿಲ್ಲ. ಅವು ಬಿಡುವ, ವಾಂತಿ ತರಿಸುವ ವಿಷ 121 ಡಿಗ್ರಿಯನ್ನೂ ತಾಳುತ್ತದೆ. ಹೀಗಾಗಿ ಹೊರಗೇ ಉಳಿದು ಕೆಟ್ಟ ಅನ್ನವನ್ನು ಮೈಕ್ರೋವೇವ್ ಕೂಡ ಸರಿಪಡಿಸಲಾರದು, ಗ್ಯಾಸ್ ಒಲೆಯೂ ಸರಿಪಡಿಸಲಾರದು. ಉಗುರುಬೆಚ್ಚಗಿರುವಾಗಲೇ ಮೊಸರು ಕಲಸಿಟ್ಟರೆ ಹುಳಿ ಈ ಬ್ಯಾಕ್ಟೀರಿಯಾವನ್ನು ತಡೆಯಲು ನೆರವಾಗುತ್ತದೆ. ಹಳಸಿದ ಮೇಲೆ ಮೊಸರು ಹಾಕಿ ಪ್ರಯೋಜನವಿಲ್ಲ. ಫ್ರಿಜ್ಜಿದ್ದರೆ ಬೇಸಿಗೆಯಲ್ಲಿ ಅನ್ನವನ್ನು ಅಗಲವಾದ ಪಾತ್ರೆಯಲ್ಲಿ ಹರವಿ, ಒಂದು ಗಂಟೆಯೊಳಗೆ ಒಳಗಿಡಬೇಕು.

ಫ್ರಿಜ್ಜಿನಲ್ಲಿದ್ದ ಅನ್ನ ಗಟ್ಟಿಯಾಗುವುದು ಪಿಷ್ಟದ ಸರಪಳಿಗಳು ಮತ್ತೆ ಒತ್ತಾಗಿ ಜೋಡಣೆಗೊಳ್ಳುವುದರಿಂದ. ಸುಮಾರು 60 ಡಿಗ್ರಿ ದಾಟಿದರೆ ಆ ಜೋಡಣೆ ಬಹುಮಟ್ಟಿಗೆ ಸಡಿಲಗೊಳ್ಳುತ್ತದೆ. ಇದಕ್ಕೆ ಇಡ್ಲಿ ಪಾತ್ರೆಯ ಹಬೆ ಸಾಕು. ಒಂದು ಗ್ರಾಂ ಹಬೆ ತಣಿದು ನೀರಾಗುವಾಗ 2,257 ಜೂಲ್ ಶಾಖ ಬಿಡುತ್ತದೆ. ಕುದಿಯುವ ಒಂದು ಗ್ರಾಂ ನೀರು 70 ಡಿಗ್ರಿಗೆ ಇಳಿದರೆ ಸಿಗುವುದು ಸುಮಾರು 125 ಜೂಲ್ ಮಾತ್ರ. ಹಬೆ ತೇವವನ್ನೂ ಕೊಡುವುದರಿಂದ ಅಗುಳು ಒಣಗುವುದಿಲ್ಲ. ಮೈಕ್ರೋವೇವ್‌ನಲ್ಲಿ ಅಲೆಗಳು ಒಂದರ ಮೇಲೊಂದು ಬೀಳುವುದರಿಂದ ಅನ್ನ ಕೆಲವೆಡೆ ಸುಡುಬಿಸಿಯಾಗಿ, ಕೆಲವೆಡೆ ತಣ್ಣಗೆ ಉಳಿಯುತ್ತದೆ. ಅದರ ತಟ್ಟೆ ತಿರುಗುವುದು ಇದಕ್ಕಾಗಿಯೇ.

ಇಂಧನದ ಲೆಕ್ಕವನ್ನೂ ನೋಡೋಣ. ಕಾಲು ಕೆಜಿ ಸಾರನ್ನು 30ರಿಂದ 75 ಡಿಗ್ರಿಗೆ ಏರಿಸಲು ಸುಮಾರು 47 ಕಿಲೋಜೂಲ್ ಬೇಕು. ಶೇಕಡಾ 68ರ ದಕ್ಷತೆಯ ಗ್ಯಾಸ್ ಒಲೆಯಲ್ಲಿ, ಪಾತ್ರೆ ಕಾಯುವ ಶಾಖ ಬಿಟ್ಟರೆ, ಅದಕ್ಕೆ ಒಂದೂವರೆ ಗ್ರಾಂ ಗ್ಯಾಸ್ ಸಾಕು. ಮೈಕ್ರೋವೇವ್ ಮನೆಯೊಳಗೆ ಮಿತವ್ಯಯಿಯಂತೆ ಕಾಣುತ್ತದೆ. ಆದರೆ 1985ರಲ್ಲಿ ಆರಂಭವಾದ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದಂಥ ಹಳೆಯ ಸ್ಥಾವರಗಳಲ್ಲಿ ಕಲ್ಲಿದ್ದಲ ಶಾಖದ ಮೂರನೇ ಒಂದರಷ್ಟೇ ವಿದ್ಯುತ್ತಾಗುತ್ತದೆ. ಕಲ್ಲಿದ್ದಲಿಂದಲೇ ಲೆಕ್ಕ ಹಿಡಿದರೆ ಗ್ಯಾಸ್ ಒಲೆಯೇ ಮುಂದು.

ಹೊತ್ತಿಲ್ಲದ ಹೊತ್ತಿಗೆ ಬಂದವರಿಗೆ ಒಂದು ಬಟ್ಟಲು ಬೇಳೆಯನ್ನು ನಿಮಿಷದಲ್ಲಿ ಕಾಯಿಸಿಕೊಡಲು ಮೈಕ್ರೋವೇವ್ ಅನುಕೂಲವೇ ಸರಿ. ಅದಿಲ್ಲದ ಮನೆಯವರು ಗಮನಿಸಬೇಕಾದ್ದು ಒಂದೇ: ನೀರಿರುವ ಅಡುಗೆ ಎಷ್ಟು ಹೊತ್ತು ಹೊರಗಿತ್ತು ಎಂಬುದು. ಅದಿರುವವರೂ ಇದನ್ನೇ ಗಮನಿಸಬೇಕು.