ಅಲ್ಪಾಯುವಾದ ಓಟಗಾರ: ಅರ್ನಿ ಡೇವಿಸ್

ಮಕ್ಕಳು ಹಿರಿಯರಿಗೆ ನಮಸ್ಕರಿಸಿದಾಗ ‘ನೂರು ವರ್ಷ ಬಾಳು’ ಎಂದು ಹರಸುವುದು ನಮ್ಮ ಮನೆಗಳಲ್ಲಿ ನಡೆದುಬಂದ ಪದ್ಧತಿ. ದೀರ್ಘಾಯುಷ್ಯವು ಭಾಗ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆಯುಷ್ಯವು ಕಿರಿದಾದ ಮಾತ್ರಕ್ಕೆ ಬಾಳು ನಿಷ್ಫಲವಾಯಿತೆಂದು ಹೇಳಬಹುದೇ? ಈ ಪ್ರಶ್ನೆಗೆ ಅಮೆರಿಕಾ ದೇಶದ ತರುಣನೊಬ್ಬನ ಚರಿತ್ರೆಯು ತಕ್ಕ ಉತ್ತರವನ್ನು ಕೊಡುತ್ತದೆ. ಆತನು ಬದುಕಿದ್ದುದು ಇಪ್ಪತ್ತಮೂರು ವರ್ಷ ಮಾತ್ರ. ಅಷ್ಟರೊಳಗೆ ಆತನು ತನ್ನ ದೇಶದ ಕಾಲೇಜು ಆಟಗಾರರಲ್ಲಿ ಅಗ್ರಗಣ್ಯನೆನಿಸಿದನು. ತನ್ನ ಜನರಿಗೆ ಅದುವರೆಗೆ ದೊರೆಯದಿದ್ದ ಗೌರವವನ್ನು ಗಳಿಸಿದನು. ಕಡೆಗೆ ಮೃತ್ಯುವು ಎದುರಿಗೆ ಬಂದು ನಿಂತಾಗಲೂ ಯಾರ ಮೇಲೂ ಮುನಿಯದೆ ನಡೆದುಕೊಂಡನು. ಅರ್ನಿ ಡೇವಿಸ್ ಎಂಬ ಆ ಓಟಗಾರನ ವೃತ್ತಾಂತವನ್ನು ವಾಚಕರ ಮುಂದೆ ಇಡಬೇಕೆಂದು ನಮ್ಮ ಇಚ್ಛೆ.

ಮೊದಲು ಆ ಆಟದ ವಿಷಯವಾಗಿ ಎರಡು ಮಾತು. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವುದು ನಮ್ಮ ಮೈದಾನಗಳಲ್ಲಿ ಹುಡುಗರು ಆಡುವ ಕಾಲ್ಚೆಂಡಾಟವಲ್ಲ. ಅವರ ಚೆಂಡು ಉರುಟಾಗಿರದೆ ಎರಡು ಕೊನೆಗಳಲ್ಲಿಯೂ ಚೂಪಾಗಿರುತ್ತದೆ; ಅದನ್ನು ಕಾಲಿನಿಂದ ಒದೆಯುವುದಕ್ಕಿಂತ ಕೈಯಲ್ಲಿ ಹಿಡಿದು ಓಡುವುದೇ ಹೆಚ್ಚು. ಒಂದೊಂದು ಪಕ್ಷಕ್ಕೆ ಹನ್ನೊಂದು ಮಂದಿ. ಅಂಕಣದ ಉದ್ದ 100 ಗಜ. ಚೆಂಡು ಯಾರ ವಶದಲ್ಲಿದೆಯೋ ಆ ಪಕ್ಷದವರು ನಾಲ್ಕು ಸರದಿಗಳೊಳಗಾಗಿ 10 ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಸರದಿಗಳು; ಸಾಗದಿದ್ದರೆ ಚೆಂಡು ಎದುರು ಪಕ್ಷದ ಪಾಲು. ಅಂಕಣದ ಕೊನೆಯ ಗೆರೆಯನ್ನು ದಾಟಿದರೆ ಆರು ಅಂಶಗಳು ಲಭಿಸುವುವು. ಮುಂದಿನ ಸಾಲಿನವರು ಒಬ್ಬರನ್ನೊಬ್ಬರು ತಳ್ಳಾಡುತ್ತಿರುವಾಗ ಹಿಂದಿನಿಂದ ಚೆಂಡನ್ನು ಎದೆಗವಚಿಕೊಂಡು, ಕಂಡ ಸಂದಿಯಲ್ಲಿ ನುಗ್ಗಿ, ಹಿಡಿಯಬಂದವರಿಂದ ನುಣುಚಿಕೊಂಡು ಓಡುವವನೇ ‘ರನ್ನಿಂಗ್ ಬ್ಯಾಕ್’. ಚಡುಗುಡು ಆಡಿ ಬಲ್ಲವರಿಗೆ ಈತನ ಕೆಲಸವನ್ನು ಹೆಚ್ಚು ವಿವರಿಸಬೇಕಾದುದಿಲ್ಲ. ಎದುರು ಪಕ್ಷದವರು ಸುತ್ತುಗಟ್ಟಿದಾಗ ಬೇಕಾಗುವ ಧೈರ್ಯ, ಚುರುಕು ಮತ್ತು ಮೈಬಲ ಇವೇ ಇಲ್ಲಿಯೂ ಬೇಕಾಗುವುವು.

ಡೇವಿಸನು ಹುಟ್ಟಿದುದು ಪೆನ್ಸಿಲ್ವೇನಿಯ ಸಂಸ್ಥಾನದ ನ್ಯೂ ಸೇಲಂ ಎಂಬ ಊರಿನಲ್ಲಿ, 1939ನೆಯ ಇಸವಿ ಡಿಸೆಂಬರ್ 14ರಂದು. ತಂದೆಯ ಆಸರೆಯನ್ನು ಆತನು ಕಾಣಲೇ ಇಲ್ಲ. ಯೂನಿಯನ್‌ಟೌನ್ ಎಂಬಲ್ಲಿ ತಾಯಿಯ ತಂದೆತಾಯಿಗಳು ಮೊಮ್ಮಗನನ್ನು ಸಾಕಿ ಬೆಳೆಸಿದರು. ಅಜ್ಜನು ಕಲ್ಲಿದ್ದಲ ಗಣಿಯಲ್ಲಿ ದುಡಿಯುತ್ತಿದ್ದವನು. ಮನೆಯಲ್ಲಿ ಬಡತನವಿದ್ದರೂ ಶಿಸ್ತಿಗೆ ಕೊರತೆಯಿರಲಿಲ್ಲ. ಬಾಲಕನಿಗೆ ಮಾತನಾಡುವಾಗ ಉಗ್ಗು ಬರುತ್ತಿದ್ದಿತು. ಹನ್ನೆರಡನೆಯ ವಯಸ್ಸಿನಲ್ಲಿ ಆತನು ನ್ಯೂಯಾರ್ಕ್ ಸಂಸ್ಥಾನದ ಎಲ್ಮೈರ ಪಟ್ಟಣಕ್ಕೆ ಬಂದು ತಾಯಿ ಮತ್ತು ಮಲತಂದೆಯವರೊಡನೆ ನೆಲಸಿದನು.

ಅಲ್ಲಿಯ ಪ್ರೌಢಶಾಲೆಯಲ್ಲಿ ಆತನ ಆಟದ ಪ್ರತಿಭೆ ಬೆಳಕಿಗೆ ಬಂದಿತು. ಫುಟ್‌ಬಾಲ್ ಒಂದರಲ್ಲಿಯೇ ಅಲ್ಲ. ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್ ಆಟಗಳಲ್ಲಿಯೂ ಆತನು ಮುಂದಾಳು. ಆತನಿದ್ದ ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡವು ಒಂದಾದ ಮೇಲೊಂದರಂತೆ 52 ಪಂದ್ಯಗಳನ್ನು ಗೆದ್ದಿತು. ಪತ್ರಿಕೆಗಳವರು ಆತನನ್ನು ‘ಎಲ್ಮೈರ ಎಕ್ಸ್‌ಪ್ರೆಸ್’ ಎಂದು ಕರೆಯತೊಡಗಿದರು. ಅನೇಕ ವಿಶ್ವವಿದ್ಯಾನಿಲಯಗಳಿಂದ ಆಹ್ವಾನಗಳು ಬಂದುವು. ಡೇವಿಸನು ಆರಿಸಿಕೊಂಡುದು ಸಿರಕ್ಯೂಸ್ ವಿಶ್ವವಿದ್ಯಾನಿಲಯವನ್ನು. ಅಲ್ಲಿ ಕೆಲವೇ ವರ್ಷಗಳ ಹಿಂದೆ ಆಡಿ ಪ್ರಖ್ಯಾತನಾಗಿದ್ದ ಜಿಮ್ ಬ್ರೌನನು ತಾನೇ ಮುಂದಾಗಿ ಈ ಹುಡುಗನನ್ನು ಒಲಿಸಿದನು. ಬ್ರೌನನು ತೊಡುತ್ತಿದ್ದ 44ನೆಯ ಸಂಖ್ಯೆಯ ಅಂಗಿಯೇ ಡೇವಿಸನಿಗೂ ದೊರೆಯಿತು. ಬ್ರೌನನೂ ಕಪ್ಪು ವರ್ಣದವನೇ. ಅಸಾಧಾರಣ ಆಟಗಾರನಾಗಿದ್ದರೂ 1956ರಲ್ಲಿ ಅತ್ಯುತ್ತಮ ಕಾಲೇಜು ಆಟಗಾರನನ್ನು ಆರಿಸುವ ಮತಗಣನೆಯಲ್ಲಿ ಆತನಿಗೆ ಐದನೆಯ ಸ್ಥಾನ ಮಾತ್ರ ದೊರೆತಿದ್ದಿತು. ಅದಕ್ಕೆ ಮೈಬಣ್ಣವೇ ಕಾರಣವೆಂದು ಬಹುಮಂದಿ ನಂಬಿದ್ದರು.

ಮೊದಲನೆಯ ವರ್ಷದ ವಿದ್ಯಾರ್ಥಿಗಳು ಕಾಲೇಜಿನ ಮುಖ್ಯ ತಂಡದಲ್ಲಿ ಆಡಕೂಡದೆಂದು ಆಗ ನಿಯಮವಿದ್ದಿತು. ಆದುದರಿಂದ ಡೇವಿಸನು ಕಣಕ್ಕಿಳಿದುದು 1959ರಲ್ಲಿ. ಬೆನ್ ಶ್ವಾರ್ಟ್ಸ್‌ವಾಲ್ಡರ್ ಎಂಬವರು ತರಬೇತುದಾರರು. ಆ ವರ್ಷ ಸಿರಕ್ಯೂಸ್ ತಂಡವು ಒಂದು ಪಂದ್ಯದಲ್ಲಿಯೂ ಸೋಲದೆ ದೇಶಕ್ಕೆಲ್ಲ ಮೊದಲನೆಯದೆಂಬ ಹೆಸರು ಪಡೆಯಿತು. ಡೇವಿಸನು ಓಟದಿಂದಲೇ 686 ಗಜಗಳನ್ನು ಸಂಪಾದಿಸಿದನು. ಆ ಕಾಲದಲ್ಲಿ ಆಕ್ರಮಣಕ್ಕೆ ಕೆಲವರು, ರಕ್ಷಣೆಗೆ ಬೇರೆ ಕೆಲವರು ಎಂಬ ಇಂದಿನ ಏರ್ಪಾಡು ಇರಲಿಲ್ಲ. ಓಡಿ ದಣಿದವನೇ ಎದುರಾಳಿಗಳನ್ನು ತಡೆಯುವುದಕ್ಕೂ ನಿಲ್ಲಬೇಕಾಗಿದ್ದಿತು.

ಆ ಋತುವಿನ ಕಡೆಯ ಪಂದ್ಯವು 1960ನೆಯ ಜನವರಿ 1ರಂದು ಟೆಕ್ಸಸ್ ಸಂಸ್ಥಾನದ ಡಲ್ಲಾಸ್ ನಗರದಲ್ಲಿ ‘ಕಾಟನ್ ಬೌಲ್’ ಎಂಬ ಹೆಸರಿನಿಂದ ನಡೆಯಿತು. ಎದುರಾಳಿಗಳು ಟೆಕ್ಸಸ್ ವಿಶ್ವವಿದ್ಯಾನಿಲಯದವರು. ಡೇವಿಸನಿಗೆ ತೊಡೆಯ ಹಿಂಭಾಗದ ಸ್ನಾಯು ನೊಂದಿದ್ದಿತು. ಆದರೂ ಆಟವು ಮೊದಲಾದ ಸ್ವಲ್ಪ ಹೊತ್ತಿನಲ್ಲಿಯೇ ಜೊತೆಗಾರನು ಎಸೆದ ಚೆಂಡನ್ನು ಹಿಡಿದು, ಎಲ್ಲರನ್ನೂ ಹಿಂದೆ ಹಾಕಿ ಗೆರೆಯನ್ನು ದಾಟಿದನು. ಆ ಒಂದು ಸರದಿಯಲ್ಲಿ ಚೆಂಡು ಕ್ರಮಿಸಿದ ದೂರ 87 ಗಜ! ಮತ್ತೊಮ್ಮೆ ಗೆರೆ ದಾಟಿದುದೂ ಆತನೇ. ಎದುರಾಳಿಗಳು ಎಸೆದ ಚೆಂಡನ್ನು ನಡುವೆಯೇ ಕಸಿದುಕೊಂಡುದೂ ಆತನೇ. ಆಟಗಾರರ ನಡುವೆ ಕೈಕೈ ಮಿಲಾಯಿಸುವಷ್ಟು ಕಾವೇರಿದ ಆ ಪಂದ್ಯವನ್ನು ಸಿರಕ್ಯೂಸ್ 23ಕ್ಕೆ 14ರಂತೆ ಗೆದ್ದಿತು. ಶ್ರೇಷ್ಠ ಆಟಗಾರನೆಂಬ ಬಹುಮಾನವು ಡೇವಿಸನಿಗೇ ಸಂದಿತು.

ಆದರೆ ಆ ರಾತ್ರಿ ನಡೆದುದನ್ನು ಕೇಳಿದರೆ ಯಾರಿಗಾದರೂ ಮನಸ್ಸು ನೋಯದಿರದು. ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಬಿಳಿಯರೂ ಕಪ್ಪು ವರ್ಣದವರೂ ಒಂದೆಡೆ ಕುಳಿತು ಉಣ್ಣಕೂಡದೆಂಬ ಕಟ್ಟಳೆಯು ಆಗ ಇನ್ನೂ ಬಲವಾಗಿದ್ದಿತು. ಬಹುಮಾನ ಕೊಡುವ ಔತಣದಲ್ಲಿ, ಕಪ್ಪು ವರ್ಣದ ಆಟಗಾರರು ಬಹುಮಾನವನ್ನು ಸ್ವೀಕರಿಸಿದ ಮೇಲೆ ಅಲ್ಲಿ ನಿಲ್ಲಲಾಗದೆಂದು ತಿಳಿಸಲಾಯಿತು. ಗೆಲುವನ್ನು ತಂದುಕೊಟ್ಟವನಿಗೆ ಗೆಲುವಿನ ಊಟವಿಲ್ಲ! ಪಂಕ್ತಿಭೇದದ ನೋವು ಏನೆಂಬುದನ್ನು ನಮ್ಮ ದೇಶದವರಿಗೆ ಬೇರೆ ಹೇಳಿಕೊಡಬೇಕಾದುದಿಲ್ಲ. ಇದಾದ ಒಂದು ತಿಂಗಳಿಗೆ, ಫೆಬ್ರವರಿ 1ರಂದು, ಗ್ರೀನ್ಸ್‌ಬರೊ ಎಂಬ ಊರಿನಲ್ಲಿ ನಾಲ್ವರು ಕಪ್ಪು ವರ್ಣದ ವಿದ್ಯಾರ್ಥಿಗಳು ಬಿಳಿಯರಿಗೆಂದು ಮೀಸಲಾಗಿದ್ದ ಉಪಾಹಾರದ ಕಟ್ಟೆಯ ಮುಂದೆ ಕುಳಿತು ಏಳದೆ ಸತ್ಯಾಗ್ರಹವನ್ನು ಹೂಡಿದರು. ಅವರೆಲ್ಲರೂ ಡೇವಿಸನ ಓರಗೆಯ ತರುಣರು. ಅವರ ಉತ್ತರ ಆ ಬಗೆಯದು. ಈತನದು ಆಟದ ಅಂಕಣದಲ್ಲಿ ಕೊಟ್ಟ ಉತ್ತರ.

1960ರಲ್ಲಿ ಡೇವಿಸನು 877 ಗಜ ಓಡಿದನು. 1961ರಲ್ಲಿ 823 ಗಜ. ಮೂರು ವರ್ಷಗಳ ಮೊತ್ತ 2,386 ಗಜ. ಚೆಂಡು ಕೈಗೆ ಬಂದಾಗಲೆಲ್ಲ ಸರಾಸರಿ 6.6 ಗಜ ಮುಂದೆ ಸಾಗಿದಂತಾಯಿತು. ನಾಲ್ಕು ಸರದಿಗಳಿಗೆ 10 ಗಜ ಸಾಕಾಗುವ ಆಟದಲ್ಲಿ ಇದು ಎಂತಹ ಸಾಧನೆಯೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಆತನು ಗೆರೆ ದಾಟಿದುದು 35 ಸಲ. ತನ್ನನ್ನು ಸಿರಕ್ಯೂಸಿಗೆ ಕರೆತಂದ ಜಿಮ್ ಬ್ರೌನನ ದಾಖಲೆಗಳನ್ನೇ ಆತನು ಮೀರಿದನು.

1961ನೆಯ ಡಿಸೆಂಬರ್ 6ರಂದು ನ್ಯೂಯಾರ್ಕ್ ನಗರದಲ್ಲಿ ಆತನಿಗೆ ಹೈಸ್‌ಮನ್ ಪಾರಿತೋಷಕವನ್ನು ಕೊಟ್ಟರು. ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ 1935ರಿಂದ ಸಲ್ಲುತ್ತಿರುವ ಈ ಗೌರವವು ಅಲ್ಲಿಯವರೆಗೆ ಕಪ್ಪು ವರ್ಣದವರಾರಿಗೂ ಸಂದಿರಲಿಲ್ಲ. ಓಹಾಯೊ ಸಂಸ್ಥಾನದ ಬಾಬ್ ಫರ್ಗ್ಯುಸನನು 53 ಮತಾಂಶಗಳಷ್ಟು ಮಾತ್ರ ಹಿಂದೆ ಬಿದ್ದನು. ಅಂದು ಅದೇ ನಗರಕ್ಕೆ ಬಂದಿದ್ದ ಅಧ್ಯಕ್ಷ ಕೆನೆಡಿಯವರು ಡೇವಿಸನನ್ನು ಬರಮಾಡಿಕೊಂಡು ಕೈಕುಲುಕಿ ಅಭಿನಂದಿಸಿದರು. ಎರಡು ವರ್ಷಗಳ ಹಿಂದೆ ಔತಣದಲ್ಲಿ ನಿಲ್ಲಲಾಗದವನನ್ನು ಈಗ ರಾಷ್ಟ್ರದ ಅಧ್ಯಕ್ಷರೇ ಕಾಣಬಯಸಿದರು.

ಕಾಲೇಜಿನ ಆಟ ಮುಗಿಯಿತು. ವೃತ್ತಿಯ ಆಟ ಕಾದಿದ್ದಿತು. ವೃತ್ತಿತಂಡಗಳು ವರ್ಷವರ್ಷವೂ ಸರದಿಯ ಪ್ರಕಾರ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ ಅಲ್ಲಿ ಉಂಟು. ಆ ಸಲ ಎಲ್ಲರಿಗಿಂತ ಮೊದಲು ಆರಿಸಲ್ಪಟ್ಟವನು ಡೇವಿಸನೇ. ಕಪ್ಪು ವರ್ಣದವರಲ್ಲಿ ಈ ಸ್ಥಾನವನ್ನು ಪಡೆದ ಮೊದಲಿಗನೂ ಆತನೇ. ಆರಿಸಿದುದು ವಾಷಿಂಗ್ಟನ್ ತಂಡ. ಕಪ್ಪು ವರ್ಣದ ಒಬ್ಬನನ್ನೂ ಸೇರಿಸಿಕೊಳ್ಳದೆ ಹಟ ಹಿಡಿದು ಉಳಿದಿದ್ದ ತಂಡವು ಇದೊಂದೇ. ಅವರು ಆಡುವ ಕ್ರೀಡಾಂಗಣವು ಕೇಂದ್ರ ಸರ್ಕಾರದ ನೆಲದಲ್ಲಿ ಇದ್ದುದರಿಂದ, ಈ ಭೇದವನ್ನು ಬಿಡದಿದ್ದರೆ ಅಲ್ಲಿ ಆಡಗೊಡಿಸೆವೆಂದು ಕೆನೆಡಿಯವರ ಮಂತ್ರಿ ಸ್ಟೂವರ್ಟ್ ಯೂಡಾಲರು ಎಚ್ಚರಿಕೆ ಕೊಟ್ಟಿದ್ದರು. ವಾಷಿಂಗ್ಟನ್ನಿನವರು ಡೇವಿಸನನ್ನು ಕ್ಲೀವ್‌ಲೆಂಡ್ ತಂಡಕ್ಕೆ ಬಿಟ್ಟುಕೊಟ್ಟು ಬದಲಿಗೆ ಬಾಬಿ ಮಿಚೆಲ್ ಮೊದಲಾದವರನ್ನು ಪಡೆದರು. ಮಿಚೆಲನೂ ಕಪ್ಪು ವರ್ಣದವನೇ. ಹೀಗೆ ಡೇವಿಸನು ಕಾಲಿಡದಿದ್ದರೂ ಆತನ ನಿಮಿತ್ತವಾಗಿ ಆ ಬಾಗಿಲು ತೆರೆಯಿತು.

ಕ್ಲೀವ್‌ಲೆಂಡಿನಲ್ಲಿ ಜಿಮ್ ಬ್ರೌನನೂ ಡೇವಿಸನೂ ಜೊತೆಯಾಗಿ ಓಡುವ ದೃಶ್ಯವನ್ನು ಜನರು ಕಾತರದಿಂದ ಎದುರುನೋಡುತ್ತಿದ್ದರು. ವಿಧಿಯ ಸಂಕಲ್ಪವೇ ಬೇರೆಯಾಗಿದ್ದಿತು. 1962ರ ಬೇಸಗೆಯಲ್ಲಿ ಶಿಕಾಗೋ ನಗರದ ಪಂದ್ಯವೊಂದಕ್ಕೆ ಸಿದ್ಧನಾಗುತ್ತಿದ್ದಾಗ ಆತನು ಅಸ್ವಸ್ಥನಾದನು. ವೈದ್ಯರು ಪರೀಕ್ಷಿಸಿ ಕಂಡುದು ಲ್ಯುಕೀಮಿಯ, ಎಂದರೆ ರಕ್ತದ ಕ್ಯಾನ್ಸರ್. ಇಂದು ಈ ರೋಗದಿಂದ ಅನೇಕರು ಉಳಿಯುವಷ್ಟು ವೈದ್ಯಶಾಸ್ತ್ರವು ಮುಂದುವರಿದಿದೆ. ಆ ದಿನಗಳಲ್ಲಿ ಬೆಳೆದವರಿಗೆ ಅದು ಬಂದರೆ ಹೆಚ್ಚು ಕಾಲ ಬದುಕುವ ಆಸೆ ಇರಲಿಲ್ಲ. ರೋಗದ ಹೆಸರನ್ನು ಆತನಿಗೆ ತಿಳಿಸಿದುದು ಅಕ್ಟೋಬರಿನಲ್ಲಿ. ಔಷಧಗಳ ಬಲದಿಂದ ರೋಗವು ಕೆಲಕಾಲ ಹಿಮ್ಮೆಟ್ಟಿದಾಗ ಆಡಬೇಕೆಂಬ ಆಸೆ ಆತನಲ್ಲಿ ಚಿಗುರಿತು; ತರಬೇತುದಾರ ಪಾಲ್ ಬ್ರೌನರು ಅಪಾಯಕ್ಕೆ ಅಂಜಿ ಒಪ್ಪಲಿಲ್ಲ. ತಂಡದ ಉಡುಪನ್ನು ತೊಟ್ಟು, ಕ್ಲೀವ್‌ಲೆಂಡಿನ ಕ್ರೀಡಾಂಗಣದಲ್ಲಿ ದೀಪದ ಬೆಳಕಿನಲ್ಲಿ ಜನರಿಗೆ ಒಮ್ಮೆ ಕಾಣಿಸಿಕೊಂಡುದಷ್ಟೇ ಆತನ ಪಾಲಿಗೆ ಬಂದ ವೃತ್ತಿಜೀವನ.

ಇಂತಹ ಸ್ಥಿತಿಯಲ್ಲಿ ಮನುಷ್ಯನು ದೈವವನ್ನು ಶಪಿಸಿದರೆ ತಪ್ಪೆನ್ನುವವರಾರು? ಡೇವಿಸನು 1963ರ ಮಾರ್ಚಿಯಲ್ಲಿ ಪ್ರಸಿದ್ಧ ವಾರಪತ್ರಿಕೆಯೊಂದರಲ್ಲಿ ತನ್ನ ಹೆಸರಿನಿಂದ ಲೇಖನವನ್ನು ಪ್ರಕಟಿಸಿದನು. ತಾನು ದುರದೃಷ್ಟವಂತನಲ್ಲವೆಂಬುದೇ ಅದರ ತಲೆಬರಹ. ಬಹುಮಂದಿಗೆ ಇಡೀ ಆಯುಷ್ಯದಲ್ಲಿ ದೊರೆಯದುದು ತನಗೆ ಕೆಲವೇ ವರ್ಷಗಳಲ್ಲಿ ದೊರೆಯಿತೆಂಬುದು ಅದರ ತಾತ್ಪರ್ಯ.

ಅದೇ ವರ್ಷ ಮೇ 18ರಂದು ಕ್ಲೀವ್‌ಲೆಂಡಿನ ಆಸ್ಪತ್ರೆಯಲ್ಲಿ ಆತನು ತೀರಿಕೊಂಡನು. ಎಲ್ಮೈರಕ್ಕೆ ತಂದ ದೇಹದ ಕಡೆಯ ದರ್ಶನಕ್ಕೆ ಬಂದವರು ಹತ್ತು ಸಾವಿರಕ್ಕೂ ಹೆಚ್ಚು ಮಂದಿ. ಅಧ್ಯಕ್ಷರ ಸಂತಾಪದ ತಂತಿಯನ್ನು ಅಂತ್ಯಕ್ರಿಯೆಯ ಸಮಯದಲ್ಲಿ ಓದಲಾಯಿತು. ಕ್ಲೀವ್‌ಲೆಂಡಿನವರು ಆತನಿಗೆಂದು ಇಟ್ಟಿದ್ದ 45ನೆಯ ಸಂಖ್ಯೆಯನ್ನು ಮತ್ತಾರಿಗೂ ಕೊಡದೆ ಕಾದಿರಿಸಿದರು. 1979ರಲ್ಲಿ ಕಾಲೇಜು ಫುಟ್‌ಬಾಲಿನ ಕೀರ್ತಿಮಂದಿರದಲ್ಲಿ ಆತನ ಹೆಸರು ಸೇರಿತು. ಸಿರಕ್ಯೂಸಿನವರು 44ನೆಯ ಸಂಖ್ಯೆಯನ್ನು 2005ರಲ್ಲಿ ಗೌರವದಿಂದ ನಿವೃತ್ತಿಗೊಳಿಸಿದರು. 2008ರಲ್ಲಿ ಆತನ ಜೀವನವು ಚಲಚ್ಚಿತ್ರವಾಯಿತು.

ಓಟದಲ್ಲಿ ಆತನು ಮಾಡಿದ್ದ ದಾಖಲೆಗಳನ್ನು ಅನಂತರ ಬಂದ ಸಿರಕ್ಯೂಸಿನ ಆಟಗಾರರು ಮೀರಿದ್ದಾರೆ. ಅದು ಆಟದ ಧರ್ಮ. ಡೇವಿಸನೂ ತನ್ನ ಹಿಂದಿನವನನ್ನು ಮೀರಿದವನೇ ಅಲ್ಲವೇ? ಆದರೆ ಮೊದಲನೆಯವನಾಗಿ ಹಾದಿ ಮಾಡಿಕೊಟ್ಟ ಹಿರಿಮೆಯನ್ನು ಯಾರೂ ಕಸಿದುಕೊಳ್ಳಲಾರರು. 1965ರಲ್ಲಿ ಮೈಕ್ ಗ್ಯಾರೆಟ್ ಎಂಬ ಮತ್ತೊಬ್ಬ ಕಪ್ಪು ವರ್ಣದ ಓಟಗಾರನಿಗೆ ಹೈಸ್‌ಮನ್ ಪಾರಿತೋಷಕವು ಸಂದಿತು. ಅಲ್ಲಿಂದ ಮುಂದೆ ಹಲವರಿಗೆ ಸಂದಿದೆ. ನಮ್ಮ ಮನೆಗಳ ಮಕ್ಕಳಿಗೆ ನೂರು ವರ್ಷದ ಆಯುಷ್ಯವನ್ನು ಹರಸುವುದನ್ನು ನಾವು ಬಿಡಬೇಕಾಗಿಲ್ಲ. ಅದರ ಜೊತೆಗೆ, ಚೆಂಡು ಕೈಗೆ ಬಂದಾಗ ಹಿಂಜರಿಯದೆ ಓಡುವ ಮನಸ್ಸನ್ನೂ, ಓಟವು ಬೇಗ ನಿಂತುಹೋದರೆ ಕಹಿಗೊಳ್ಳದ ಹೃದಯವನ್ನೂ ಹರಸಿದರೆ ಒಳ್ಳೆಯದು.